ಹತ್ತು ಸಾವಿರ ಜನಕ್ಕೆ ಎಷ್ಟು ಕಾರು? ಹೊಸ ಕಟ್ಟಡದ ಟ್ರಾಫಿಕ್ ಅಳೆಯುವ ಲೆಕ್ಕದ ಹಿಂದಿನ ಕಥೆ

ಈ ವಾರದ ಮಾತಿನ ಬರಹರೂಪ ಇದು. ವಿಡಿಯೋದಲ್ಲಿ ಅವಸರಕ್ಕೆ ಹಾರಿಸಿದ ಕೆಲವು ಲೆಕ್ಕಗಳನ್ನ ಇಲ್ಲಿ ಬಿಡಿಸಿ ಬರೆದಿದ್ದೀನಿ, ಕ್ಯಾಮೆರಾ ಮುಂದೆ ಎಡವಿದ ಒಂದೆರಡು ವಾಕ್ಯ ತಿದ್ದಿದ್ದೀನಿ. ಉಳಿದದ್ದು ಮಾತಾಡಿದ ಹಾಗೇ ಇದೆ.

ವಿಡಿಯೋದಲ್ಲಿ ನನ್ನ ಹಿಂದೆ ಕಾಣೋ ಚಿಮಣಿಗಳು ಕೋರಾಡಿಯವು. ನಾಗಪುರದಿಂದ ಉತ್ತರಕ್ಕೆ, ಭೋಪಾಲ್ ಕಡೆ ಹೋಗೋ ಹೆದ್ದಾರಿಯಲ್ಲಿ ಸಿಗುವ ಊರು. ನಾನು ಕೆಲಸ ಮಾಡೋದು ಬೆಂಗಳೂರಿನ ಒಂದು ಕಂಪನಿಗೆ, ಇರೋದು ಈ ಕಡೆ, ಮನೆಯಿಂದಲೇ ಕೆಲಸ. ಅದಕ್ಕೂ ಮೊದಲು ಏಳು ವರ್ಷ ಎಚ್‌ಎಸ್‌ಆರ್ ಲೇಔಟ್‌ನಿಂದ ಕಾಡುಬೀಸನಹಳ್ಳಿಗೆ ಓಡಾಡಿದವನು. ಹತ್ತು ಕಿಲೋಮೀಟರ್ ದಾರಿ, ಮಳೆ ಬಂದ ದಿನ ಎರಡು ಗಂಟೆ. ಈ ಮಾತನ್ನ ಕೇಳೋರಲ್ಲಿ ಅರ್ಧ ಜನಕ್ಕೆ ಆ ದಾರಿ ಬಾಯಿಪಾಠ ಇರುತ್ತೆ, ವಿವರಿಸೋದು ಬೇಡ.

ಕೋರಾಡಿಗೆ ಎರಡು ಗುರುತು. ಒಂದು ಉಷ್ಣ ವಿದ್ಯುತ್ ಸ್ಥಾವರ. ಇನ್ನೊಂದು ಮಹಾಲಕ್ಷ್ಮಿ ಜಗದಂಬೆಯ ಗುಡಿ. ವರ್ಷದ ಬಹುಪಾಲು ದಿನ ಇಲ್ಲಿನ ರಸ್ತೆ ಒಂದು ಸಾಧಾರಣ ಹೆದ್ದಾರಿ. ನವರಾತ್ರಿ ಬಂತು ಅಂದ್ರೆ ನಾಗಪುರದಿಂದ ಜನ ಹೊಳೆಯಾಗಿ ಬರ್ತಾರೆ, ನಡೆದುಕೊಂಡು ಬರೋರೂ ಇದ್ದಾರೆ. ಕಳೆದ ಸಲ ಆ ಗುಂಪಿನಲ್ಲಿ ಸಿಕ್ಕಿಕೊಂಡಾಗ ಒಂದು ಪ್ರಶ್ನೆ ತಲೆಗೆ ಬಂತು. ಸ್ಥಾವರದ ಹೊಗೆಯಲ್ಲಿ ಏನೇನಿದೆ ಅಂತ ಅಳೆಯೋಕೆ ಯಂತ್ರ ಇದೆ, ಮಿತಿ ಇದೆ, ಮಂಡಳಿ ಇದೆ. ಒಂದು ಗುಡಿ, ಒಂದು ಕಾರ್ಖಾನೆ, ಒಂದು ಟೆಕ್ ಪಾರ್ಕ್ ರಸ್ತೆಗೆ ಎಷ್ಟು ಜನರನ್ನ ಸುರಿಯುತ್ತೆ ಅಂತ ಅಳೆಯೋರು ಯಾರು? ಯಾವಾಗಿಂದ? ಯಾವ ಅಳತೆಗೋಲಿನಿಂದ?

ಕೋರಾಡಿಯ ಮೊದಲ ಘಟಕ ಶುರುವಾಗಿದ್ದು 1974ರಲ್ಲಿ. ದೇಶಕ್ಕೆ ಜಲ ಮಾಲಿನ್ಯ ತಡೆ ಕಾಯ್ದೆ ಬಂದದ್ದೂ ಅದೇ ವರ್ಷ. ವಾಯು ಮಾಲಿನ್ಯ ಕಾಯ್ದೆ 1981ರಲ್ಲಿ, ಪರಿಸರ ಸಂರಕ್ಷಣಾ ಕಾಯ್ದೆ ಭೋಪಾಲ್ ದುರಂತದ ನಂತರ 1986ರಲ್ಲಿ, ಯೋಜನೆಗೆ ಮೊದಲೇ ಅದರ ಪರಿಣಾಮ ಅಂದಾಜು ಮಾಡಬೇಕು ಅನ್ನೋ ಅಧಿಸೂಚನೆ 1994ರಲ್ಲಿ. ಅಂದ್ರೆ ಮೊದಲು ನೀರು, ಆಮೇಲೆ ಹೊಗೆ. ರಸ್ತೆಯ ಸರದಿ ಇನ್ನೂ ಹತ್ತು ವರ್ಷದ ನಂತರ ಬಂತು, ಅದೂ ಹಿಂಬಾಗಿಲಿಂದ. 2023ರ ಮೇ ತಿಂಗಳಲ್ಲಿ ಕೋರಾಡಿಯಲ್ಲಿ ಎರಡು ಹೊಸ 660 ಮೆಗಾವಾಟ್ ಘಟಕಗಳ ಬಗ್ಗೆ ಸಾರ್ವಜನಿಕ ಅಹವಾಲು ನಡೀತು. ವಾದ ಪೂರ್ತಿ ಹೊಗೆ, ಬೂದಿ ಮತ್ತು ಕೆಲಸದ ಸುತ್ತ. ಅದು ಸಹಜವೇ. ಐವತ್ತು ವರ್ಷ ಬೂದಿ ಕುಡಿದ ಊರಿಗೆ ಟ್ರಾಫಿಕ್ ಮೊದಲ ಚಿಂತೆ ಆಗಲ್ಲ. ಆದರೆ ನಮ್ಮಂಥ ಐಟಿ ಜನರ ಕಾರ್ಖಾನೆಗೆ ಚಿಮಣಿ ಇಲ್ಲ. ಅದು ಹೊರಗೆ ಬಿಡೋದು ನಮ್ಮನ್ನೇ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಹಾಗಾಗಿ ಇವತ್ತಿನ ಕಥೆ ಇಲ್ಲಿಂದ ಹೊರಟು ಅಮೆರಿಕ ಸುತ್ತಿ ಬೆಂಗಳೂರಿಗೆ ಬರುತ್ತೆ.

1954ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಒಂದು ಪುಸ್ತಕ ಬಂತು. ಬರೆದವರು ರಾಬರ್ಟ್ ಮಿಚೆಲ್ ಮತ್ತು ಚೆಸ್ಟರ್ ರಾಪ್ಕಿನ್. ಪುಸ್ತಕದ ಹೆಸರಲ್ಲೇ ಅವರ ವಾದ ಇದೆ: ನಗರದ ಸಂಚಾರ ಅನ್ನೋದು ನೆಲದ ಬಳಕೆಯ ಫಲ. ಇವತ್ತು ಇದೇನು ಮಹಾ ಅನ್ನಿಸುತ್ತೆ. ಆಗಿನ ಎಂಜಿನಿಯರುಗಳಿಗೆ ಟ್ರಾಫಿಕ್ ಅಂದ್ರೆ ಮಳೆನೀರಿನ ಹಾಗೆ, ಎಲ್ಲಿಂದಲೋ ಬರುತ್ತೆ, ನಾವು ಚರಂಡಿ ಅಗಲ ಮಾಡಬೇಕು ಅಷ್ಟೇ. ನೀರು ಬರೋದು ಮೋಡದಿಂದಲ್ಲ, ಆ ಕಟ್ಟಡದ ಬಾಗಿಲಿಂದ ಅಂತ ಇವರಿಬ್ಬರು ತೋರಿಸಿದರು. 1963ರಲ್ಲಿ ಬ್ರಿಟನ್ನಿನಲ್ಲಿ ಕಾಲಿನ್ ಬುಕನನ್ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಒಂದು ಬೀದಿಯಲ್ಲಿ ಎಷ್ಟು ವಾಹನ ಹಿಡಿಸುತ್ತೆ ಅನ್ನೋದು ಒಂದು ಲೆಕ್ಕ, ಅಲ್ಲಿ ಬದುಕೋರಿಗೆ ತೊಂದರೆ ಆಗದೆ ಎಷ್ಟು ಹಿಡಿಸುತ್ತೆ ಅನ್ನೋದು ಬೇರೆ ಲೆಕ್ಕ, ಎರಡನೆಯದು ಯಾವಾಗಲೂ ಚಿಕ್ಕದು.

ಬುಕನನ್ ಹೇಳಿದ ಲೆಕ್ಕ ಗೆದ್ದಿದ್ದರೆ ಕಥೆ ಬೇರೆ ಆಗ್ತಿತ್ತು. ಗೆದ್ದಿದ್ದು ಇನ್ನೊಂದು. ಅಮೆರಿಕದಲ್ಲಿ 1950ರಿಂದ ಹೆದ್ದಾರಿ ಸಾಮರ್ಥ್ಯದ ಒಂದು ಕೈಪಿಡಿ ಇತ್ತು. ಅದರ 1965ರ ಆವೃತ್ತಿಯಲ್ಲಿ ರಸ್ತೆಗೆ ಪರೀಕ್ಷೆಯ ಗ್ರೇಡ್ ಥರ ಅಕ್ಷರ ಕೊಡೋ ಪದ್ಧತಿ ಶುರುವಾಯ್ತು. ಎ ಅಂದ್ರೆ ಖಾಲಿ ರಸ್ತೆ, ಚಾಲಕ ಮನಸ್ಸಿಗೆ ಬಂದ ವೇಗದಲ್ಲಿ ಹೋಗಬಹುದು. ಎಫ್ ಅಂದ್ರೆ ಸಿಲ್ಕ್ ಬೋರ್ಡ್. ಇದರ ಹೆಸರು ಲೆವೆಲ್ ಆಫ್ ಸರ್ವೀಸ್. ಹೆದ್ದಾರಿಗೆ ಎಷ್ಟು ಲೇನ್ ಬೇಕು ಅಂತ ನಿರ್ಧರಿಸೋಕೆ ಮಾಡಿದ ಸಾಧನ. ಒಬ್ಬ ಚಾಲಕನಿಗೆ ಎಷ್ಟು ಆರಾಮ ಅನ್ನೋದು ಬಿಟ್ಟು ಬೇರೇನೂ ಅದು ಕೇಳಲ್ಲ.

ಕ್ಯಾಲಿಫೋರ್ನಿಯಾ 1970ರಲ್ಲಿ ತನ್ನ ಪರಿಸರ ಕಾಯ್ದೆ ತಂತು, ಸಹಿ ಹಾಕಿದ್ದು ಗವರ್ನರ್ ರೊನಾಲ್ಡ್ ರೇಗನ್. ಸರ್ಕಾರ ಕಟ್ಟೋ ಕಾಮಗಾರಿಗೆ ಮಾತ್ರ ಅಂತ ಎಲ್ಲರೂ ಅಂದುಕೊಂಡಿದ್ದರು. 1972ರಲ್ಲಿ ಮ್ಯಾಮತ್ ಲೇಕ್ಸ್ ಅನ್ನೋ ಬೆಟ್ಟದೂರಿನ ಅಪಾರ್ಟ್‌ಮೆಂಟ್ ಯೋಜನೆಯೊಂದರ ಮೇಲೆ ಸ್ಥಳೀಯರು ಕೋರ್ಟಿಗೆ ಹೋದರು. ಖಾಸಗಿ ಕಟ್ಟಡವಾದರೂ ಸರ್ಕಾರದ ಅನುಮತಿ ಬೇಕಾದರೆ ಕಾಯ್ದೆ ಅನ್ವಯಿಸುತ್ತೆ ಅಂತ ಆ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿಂದ ಪ್ರತಿ ಮಾಲ್, ಪ್ರತಿ ಆಫೀಸ್, ಪ್ರತಿ ಬಡಾವಣೆ ತನ್ನ ಪರಿಣಾಮ ಬರೆದು ಒಪ್ಪಿಸಬೇಕಾಯ್ತು. ಟ್ರಾಫಿಕ್ ಪರಿಣಾಮ ಬರೆಯೋಕೆ ಕೈಗೆ ಸಿಕ್ಕ ಅಳತೆಗೋಲು ಯಾವುದು? ಹೆದ್ದಾರಿಯವರ ಎ ಇಂದ ಎಫ್. ಚಾಲಕನ ಆರಾಮ ಹೀಗೆ ಪರಿಸರದ ಮಾನದಂಡ ಆಗಿಬಿಡ್ತು.

ಇನ್ನೊಂದು ಸಾಮಾನು ಬೇಕಿತ್ತು, ಯಾವ ಕಟ್ಟಡ ಎಷ್ಟು ವಾಹನ ಹುಟ್ಟಿಸುತ್ತೆ ಅನ್ನೋ ಪಟ್ಟಿ. 1976ರಲ್ಲಿ ಅಮೆರಿಕದ ಸಾರಿಗೆ ಎಂಜಿನಿಯರುಗಳ ಸಂಸ್ಥೆ ಅದನ್ನ ಪುಸ್ತಕ ಮಾಡಿ ತಂತು. ಪುಟ ತೆಗೆದರೆ ಸಾಕು, ಬ್ಯಾಂಕಿಗೆ ಇಷ್ಟು, ಆಸ್ಪತ್ರೆಗೆ ಇಷ್ಟು. ಈ ಪುಸ್ತಕದ ಮೇಲೆ ಡೊನಾಲ್ಡ್ ಶೂಪ್ ಅನ್ನೋ ಪ್ರಾಧ್ಯಾಪಕರು ಮಾಡಿದ ಟೀಕೆ ನನಗೆ ಬಹಳ ಇಷ್ಟ. 1987ರ ಆವೃತ್ತಿಯಲ್ಲಿ ಡ್ರೈವ್-ಥ್ರೂ ಇರೋ ಫಾಸ್ಟ್ ಫುಡ್ ಅಂಗಡಿಗೆ ಸಾವಿರ ಚದರ ಅಡಿಗೆ ದಿನಕ್ಕೆ 632.125 ಪ್ರಯಾಣ ಅಂತ ಇತ್ತಂತೆ. ದಶಾಂಶದ ನಂತರ ಮೂರು ಅಂಕಿ! ಆಧಾರ ನೋಡಿದರೆ ಎಂಟು ಅಂಗಡಿಗಳ ಎಣಿಕೆ, ಆ ಎಂಟರಲ್ಲೂ ಅಂಗಡಿಯ ಅಳತೆಗೂ ವಾಹನಗಳ ಸಂಖ್ಯೆಗೂ ಹೆಚ್ಚುಕಮ್ಮಿ ಸಂಬಂಧವೇ ಇಲ್ಲ, ಆರ್-ಸ್ಕ್ವೇರ್ 0.069. ನಮ್ಮಲ್ಲಿ ಡೇಟಾ ಕೆಲಸ ಮಾಡೋರು ಇಂಥ ಮಾಡೆಲ್ ತಂದು ತೋರಿಸಿದರೆ ಮೀಟಿಂಗ್ ಐದೇ ನಿಮಿಷಕ್ಕೆ ಮುಗಿಯುತ್ತೆ. ಊರುಗಳು ಅದನ್ನ ನಂಬಿ ರಸ್ತೆ ಕಟ್ಟಿದವು, ಪಾರ್ಕಿಂಗ್ ಕಟ್ಟಿದವು.

ಈ ಅಳತೆಗೋಲು ಎಲ್ಲಿಗೆ ಕರ್ಕೊಂಡು ಹೋಯ್ತು ಅನ್ನೋದಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಸಾಕ್ಷಿ. ಅಲ್ಲಿ ನಗರ ಸೈಕಲ್ ಲೇನ್‌ಗಳ ಯೋಜನೆ ಮಾಡಿತು. ಪರಿಸರ ಪರಿಶೀಲನೆ ಆಗಿಲ್ಲ ಅಂತ ಒಬ್ಬರು ಕೋರ್ಟಿಗೆ ಹೋದರು, 2006ರಲ್ಲಿ ತಡೆಯಾಜ್ಞೆ ಬಂತು. ಸೈಕಲ್‌ಗೆ ಲೇನ್ ಕೊಟ್ಟರೆ ಕಾರು ನಿಧಾನ ಆಗುತ್ತೆ, ಕಾರು ನಿಧಾನ ಆದರೆ ಗ್ರೇಡ್ ಇಳಿಯುತ್ತೆ, ಗ್ರೇಡ್ ಇಳಿದರೆ ಅದು ಪರಿಸರಕ್ಕೆ ಹಾನಿ. ಅದನ್ನೆಲ್ಲ ಅಳೆದು ಬರೆದು ಮುಗಿಸಿ ತಡೆ ತೆರವಾಗೋ ಹೊತ್ತಿಗೆ 2010 ಆಗಿತ್ತು. ನಾಲ್ಕು ವರ್ಷ!

ಈ ಅಳತೆಗೋಲಿನ ಇನ್ನೊಂದು ಗುಣ ಸ್ವಲ್ಪ ತಡವಾಗಿ ಕಣ್ಣಿಗೆ ಬಿತ್ತು. ಊರ ನಡುವೆ, ರೈಲು ನಿಲ್ದಾಣದ ಪಕ್ಕ ಒಂದು ಕಟ್ಟಡ ಕಟ್ಟೋಕೆ ಹೊರಟರೆ ಅಲ್ಲಿನ ಕ್ರಾಸ್‌ಗಳು ಆಗಲೇ ಇ, ಎಫ್. ಇನ್ನು ನೂರು ಕಾರು ಸೇರಿಸಿದರೂ ತಪ್ಪು. ಅದೇ ಕಟ್ಟಡವನ್ನ ನಲವತ್ತು ಕಿಲೋಮೀಟರ್ ಆಚೆ ಹೊಲದ ಮಧ್ಯೆ ಕಟ್ಟಿದರೆ ಸುತ್ತ ರಸ್ತೆ ಎಲ್ಲ ಎ, ವರದಿ ಸಲೀಸಾಗಿ ಪಾಸ್. ಅಲ್ಲಿಗೆ ದಿನಾ ನಲವತ್ತು ಕಿಲೋಮೀಟರ್ ಹೋಗೋ ಜನ ದಾರಿಯುದ್ದಕ್ಕೂ ತುಂಬಿಸೋ ರಸ್ತೆಗಳು ವರದಿಯ ವ್ಯಾಪ್ತಿಯಲ್ಲೇ ಇಲ್ಲ. ಕ್ಯಾಲಿಫೋರ್ನಿಯಾ 2013ರಲ್ಲಿ ಇದನ್ನ ಬಿಡೋ ಕಾನೂನು ಮಾಡಿತು, 2020ರ ಜುಲೈ 1ರಿಂದ ರಾಜ್ಯದಾದ್ಯಂತ ಜಾರಿಯಾಯ್ತು. ಈಗ ಅಲ್ಲಿ ಕೇಳೋದು ಈ ಕಟ್ಟಡದಿಂದ ತಲೆಗೆ ಎಷ್ಟು ಮೈಲಿ ವಾಹನ ಓಡುತ್ತೆ ಅಂತ. ಕ್ರಾಸ್‌ನಲ್ಲಿ ಎಷ್ಟು ಸೆಕೆಂಡ್ ಕಾದೆ ಅನ್ನೋದು ಪರಿಸರದ ಪ್ರಶ್ನೆಯಾಗಿ ಉಳಿದಿಲ್ಲ. ಸನ್ನಿವೇಲ್, ಸ್ಯಾನ್ ಹೋಸೆ ಕಡೆ ಇರೋ ಕೇಳುಗರೇ, ನಿಮ್ಮ ಪಕ್ಕದ ಸೈಟಿನ ಕಾಗದದಲ್ಲಿ ವಿಎಂಟಿ ಅಂತ ಕಂಡರೆ ಇದೇ ಅದು.

ಈಗ ನಮ್ಮ ಕಡೆ ಬರೋಣ.

ಕೋರಾಡಿಯ ಚಿಮಣಿ ಎದ್ದು ನಾಲ್ಕು ವರ್ಷಕ್ಕೆ, 1978ರಲ್ಲಿ, ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರು ಮಾಡ್ತು. ಕನಸು ಆರ್.ಕೆ. ಬಾಳಿಗರದ್ದು. ಊರಿಂದ ಅಷ್ಟು ದೂರ ಯಾರು ಹೋಗ್ತಾರೆ ಅನ್ನೋ ಕಾಲ. ಅಲ್ಲಿಗೆ ಹೋಗೋರ ಸಂಖ್ಯೆಗೆ ಹೊಸೂರು ರಸ್ತೆ ತಡೆಯುತ್ತಾ ಅಂತ ಕೇಳೋ ಕಾನೂನು ಆಗ ಇರಲಿಲ್ಲ. ಉತ್ತರ 2010ರ ಜನವರಿಯಲ್ಲಿ ಬಂತು, ಕಂಬಗಳ ಮೇಲೆ ಸುಮಾರು ಹತ್ತು ಕಿಲೋಮೀಟರ್ ಟೋಲ್ ರಸ್ತೆಯಾಗಿ. ಮೆಟ್ರೊದ ಹಳದಿ ಮಾರ್ಗ ಅಲ್ಲಿಗೆ ಮುಟ್ಟಿದ್ದು 2025ರ ಆಗಸ್ಟ್‌ನಲ್ಲಿ. 1978ರಿಂದ ಲೆಕ್ಕ ಹಾಕಿದರೆ 47 ವರ್ಷ. ಮೊದಲ ದಿನ ಕೆಲಸಕ್ಕೆ ಸೇರಿದ ಹುಡುಗ ನಿವೃತ್ತನಾಗಿ, ಅವನ ಮಗಳು ರೈಲು ಹತ್ತಿದಳು.

ಔಟರ್ ರಿಂಗ್ ರೋಡ್ ಕಥೆ ಇನ್ನೂ ವಿಚಿತ್ರ. ಬಿಡಿಎ ಅದನ್ನ 1990ರ ದಶಕದಲ್ಲಿ ಕಟ್ಟೋಕೆ ಶುರು ಮಾಡಿ 2000ದ ದಶಕದ ಆರಂಭಕ್ಕೆ ಮುಗಿಸಿತು, ಸುಮಾರು 60 ಕಿಲೋಮೀಟರ್ ಸುತ್ತು. ಉದ್ದೇಶ ಲಾರಿಗಳು ಊರೊಳಗೆ ಬರದೆ ಸುತ್ತಿ ಹೋಗಲಿ ಅಂತ. ಅದರ ಪಕ್ಕದ ಜಾಗ ಹೇಗೆ ಬೆಳೀಬೇಕು ಅನ್ನೋದನ್ನ ನಿರ್ಧರಿಸಿದ್ದು ಕಟ್ಟಡದ ನಿಯಮ. ಬೆಂಗಳೂರಿನಲ್ಲಿ ನಿವೇಶನದಲ್ಲಿ ಎಷ್ಟು ಮಹಡಿ, ಎಷ್ಟು ಚದರ ಅಡಿ ಕಟ್ಟಬಹುದು ಅನ್ನೋದು ಮುಂದಿರೋ ರಸ್ತೆಯ ಅಗಲದ ಮೇಲೆ ನಿಂತಿದೆ. ಅಗಲ ರಸ್ತೆ, ದೊಡ್ಡ ಕಟ್ಟಡ. ಕೇಳೋಕೆ ನ್ಯಾಯವಾಗಿದೆ ಅಲ್ವಾ? ಸ್ವಲ್ಪ ಯೋಚನೆ ಮಾಡಿ. ರಸ್ತೆ ಇರೋದು ಒಂದೇ. ಆ ಅಗಲವನ್ನ ತೋರಿಸಿ ಮೊದಲ ಸೈಟಿನವರು ದೊಡ್ಡದು ಕಟ್ಟಿದರು. ಎರಡನೆಯವರೂ ಅದೇ ಅಗಲ ತೋರಿಸಿದರು. ಐವತ್ತನೆಯವರೂ ಅದನ್ನೇ ತೋರಿಸಿದರು. ಒಂದೇ ಅಡವಿಟ್ಟ ಒಡವೆ ಮೇಲೆ ಐವತ್ತು ಬ್ಯಾಂಕು ಸಾಲ ಕೊಟ್ಟ ಹಾಗೆ. ರಸ್ತೆಯಲ್ಲಿ ಆಗಲೇ ಎಷ್ಟು ತುಂಬಿದೆ ಅನ್ನೋದು ಆ ನಿಯಮದಲ್ಲಿ ಬರೋದೇ ಇಲ್ಲ.

ತುಂಬಿದ್ದನ್ನ ಕೇಳೋ ಕೆಲಸ ಪರಿಸರ ಇಲಾಖೆಗೆ ಬಿತ್ತು. 2004ರ ಜುಲೈನಲ್ಲಿ ಹಳೆಯ ಅಧಿಸೂಚನೆಗೆ ತಿದ್ದುಪಡಿ ಬಂದು ಮೊದಲ ಸಲ ದೊಡ್ಡ ಆಫೀಸು, ಬಡಾವಣೆಗಳೂ ಒಳಗೆ ಬಂದವು. ಯಾವುದು ದೊಡ್ಡದು ಅಂತ ನಿರ್ಧರಿಸೋಕೆ ಮೂರು ಅಳತೆ: ಸಾವಿರ ಜನ, ಅಥವಾ ದಿನಕ್ಕೆ 50,000 ಲೀಟರ್ ಕೊಳಚೆ ನೀರು, ಅಥವಾ 50 ಕೋಟಿ ರೂಪಾಯಿ ಹೂಡಿಕೆ. ಒಂದು ಆಫೀಸಿನ ಶೌಚದ ನೀರು ಲೆಕ್ಕಕ್ಕೆ ಬಂತು, ಅದರ ವಾಹನ ಬರಲಿಲ್ಲ. 2006ರ ಸೆಪ್ಟೆಂಬರ್ 14ರ ಹೊಸ ಅಧಿಸೂಚನೆ ಇದನ್ನ ಚದರ ಮೀಟರ್‌ಗೆ ಬದಲಾಯಿಸಿತು, 20,000 ಚದರ ಮೀಟರ್ ದಾಟಿದರೆ ಅನುಮತಿ ಬೇಕು. ಅದರ ಅರ್ಜಿ ನಮೂನೆಯಲ್ಲಿ ಟ್ರಾಫಿಕ್ ಪ್ರಶ್ನೆ ಇದೆ. ಎಲ್ಲಿದೆ ಗೊತ್ತಾ? ವಾಯು ಪರಿಸರ ಅನ್ನೋ ಭಾಗದಲ್ಲಿ. ಮೊದಲು ಕೇಳೋದು ಪಾರ್ಕಿಂಗ್‌ಗೆ ಜಾಗ ಸಾಲದೆ ಹೋಗುತ್ತಾ ಅಂತ, ಆಮೇಲೆ ಗೇಟಿನ ಹತ್ತಿರ ವಾಹನ ಒಳಗೆ ಹೊರಗೆ ಹೋಗೋ ವ್ಯವಸ್ಥೆ ಏನು ಅಂತ. ಹಿಂಬಾಗಿಲು ಅಂದೆನಲ್ಲ, ಅದು ಇದೇ.

ಆ ಪ್ರಶ್ನೆಗೆ ಉತ್ತರವಾಗಿ ಬರೋದೇ ಟ್ರಾಫಿಕ್ ಇಂಪ್ಯಾಕ್ಟ್ ವರದಿ. ಅದನ್ನ ಬರೆಯೋ ವಿಧಾನ ಒಂದು ಸಲ ಕೈಯಾರೆ ಮಾಡಿ ನೋಡೋಣ. ಅಂಕಿಗಳು ನಾನೇ ಉದಾಹರಣೆಗೆ ಇಟ್ಟವು, ಯಾವ ಪಾರ್ಕಿನದ್ದೂ ಅಲ್ಲ. ವಾಹನದ ಗುಣಕಗಳು ಮಾತ್ರ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1990ರ ಸಂಹಿತೆಯವು, ಐಆರ್‌ಸಿ 106 ಅಂತಾರೆ. ಅದರಲ್ಲಿ ಕಾರು ಅಂದ್ರೆ 1. ದ್ವಿಚಕ್ರ 0.5ರಿಂದ 0.75, ಬಸ್ಸು 2.2ರಿಂದ 3.7, ರಸ್ತೆಯಲ್ಲಿ ಅವುಗಳ ಪಾಲು ಎಷ್ಟಿದೆ ನೋಡಿಕೊಂಡು. ಇದಕ್ಕೆ ಪಿಸಿಯು ಅಂತ ಹೆಸರು, ಎಲ್ಲ ವಾಹನವನ್ನೂ ಕಾರಿನ ನಾಣ್ಯಕ್ಕೆ ಬದಲಾಯಿಸೋ ವಿನಿಮಯ ದರ.

ಹತ್ತು ಸಾವಿರ ಜನ ಕೆಲಸ ಮಾಡೋ ಟೆಕ್ ಪಾರ್ಕ್. ಅದರಲ್ಲಿ 3,000 ಜನ ಬೆಳಿಗ್ಗೆ ಒಂದೇ ಗಂಟೆಯಲ್ಲಿ ಬರ್ತಾರೆ ಅಂದುಕೊಳ್ಳಿ. 1,200 ಜನ ಬಸ್ಸಿನಲ್ಲಿ, ಬಸ್ಸಿಗೆ 40 ಅಂದ್ರೆ 30 ಬಸ್ಸು, 3.7ರಿಂದ ಗುಣಿಸಿದರೆ 111. ಸಾವಿರ ಜನ ಬೈಕು ಸ್ಕೂಟರಿನಲ್ಲಿ, 750. ಉಳಿದ 800 ಜನ ಕಾರಿನಲ್ಲಿ, ಕಾರಿಗೆ ಸರಾಸರಿ 1.25 ಜನ ಅಂದ್ರೆ 640. ಒಟ್ಟು ಸುಮಾರು 1,500 ಪಿಸಿಯು. ಅದೇ ಸಂಹಿತೆ ಆರು ಲೇನಿನ ವಿಭಜಿತ ಮುಖ್ಯ ರಸ್ತೆಗೆ ಎರಡೂ ದಿಕ್ಕು ಸೇರಿ ಗಂಟೆಗೆ 5,400 ಅನ್ನುತ್ತೆ, ಒಂದು ದಿಕ್ಕಿಗೆ 2,700. ಒಂದೇ ಪಾರ್ಕ್ ಅರ್ಧಕ್ಕಿಂತ ಹೆಚ್ಚು ತಿಂದುಬಿಡ್ತು. ಕ್ಲೈಂಟ್ ಮುಖ ಸಪ್ಪಗಾಗುತ್ತೆ. ಈಗ ವರದಿ ಬರೆಯೋನು ಒಂದೇ ಒಂದು ಸಾಲು ಬದಲಾಯಿಸ್ತಾನೆ: ಬಸ್ಸಿನ ಪಾಲು 40 ಅಲ್ಲ, 60 ಪರ್ಸೆಂಟ್. 45 ಬಸ್ಸು, 167. ಉಳಿದ 1,200 ಜನರನ್ನ ಮೊದಲಿನ ಪ್ರಮಾಣದಲ್ಲೇ ಹಂಚಿದರೆ ಬೈಕಿನಿಂದ 500, ಕಾರಿನಿಂದ 427. ಒಟ್ಟು ಸುಮಾರು 1,100. ನಾನೂರು ಕಾರು ಒಂದು ಸೆಲ್‌ನಲ್ಲಿ ಮಾಯ. ಇದರಲ್ಲಿ ಮೋಸ ಇದೆ ಅಂತ ನಾನು ಹೇಳ್ತಿಲ್ಲ, ಮೆಟ್ರೊ ಬರುತ್ತೆ, ಬಸ್ಸು ಹೆಚ್ಚುತ್ತೆ ಅಂತ ಪ್ರಾಮಾಣಿಕವಾಗಿ ನಂಬಿಯೂ ಬರೆಯಬಹುದು. ನನ್ನ ತಕರಾರು ಬೇರೆ. ಪಾರ್ಕ್ ತೆರೆದ ಮೇಲೆ ಗೇಟಿನಲ್ಲಿ ನಿಂತು ಅದು 40ಆ 60ಆ ಅಂತ ಎಣಿಸೋದು ಯಾರ ಕೆಲಸ? ಕಟ್ಟೋ ಮೊದಲು ಒಂದು ಸಲ ಅಂದಾಜು, ಅಷ್ಟಕ್ಕೆ ಅಳತೆ ಮುಗೀತು.

ಇದೇ ಲೆಕ್ಕದಲ್ಲಿ ಇನ್ನೊಂದು ನೋಡಿ. ಬಸ್ಸಿನಲ್ಲಿ ಕೂತವನು ತಲೆಗೆ 0.09 ಪಿಸಿಯು ರಸ್ತೆ ಬಳಸ್ತಾನೆ, ಕಾರಿನವನು 0.8. ಎಂಟೊಂಬತ್ತು ಪಟ್ಟು. ಆದರೆ ವರದಿಯ ಕೊನೇ ಪುಟದಲ್ಲಿ ಉಳಿಯೋದು ಒಂದು ಅಕ್ಷರ ಮಾತ್ರ, ಬಿ ಅಥವಾ ಡಿ. ಆ ಅಕ್ಷರಕ್ಕೆ ತಲೆ ಎಷ್ಟು ಅಂತ ಗೊತ್ತಿಲ್ಲ. ಮತ್ತೆ ಎಫ್ ನಂತರ ಅಕ್ಷರವೇ ಇಲ್ಲ. ಆಗಲೇ ಎಫ್ ಆಗಿರೋ ರಸ್ತೆಗೆ ಹೊಸ ಕಟ್ಟಡ ಬಂದರೆ ಮೊದಲೂ ಎಫ್, ನಂತರವೂ ಎಫ್. ಬದಲಾವಣೆ ಇಲ್ಲ!

ಕೇಂದ್ರ ಸರ್ಕಾರಕ್ಕೆ ಈ ಸಮಸ್ಯೆ ಅರ್ಥವಾಗಿರಲಿಲ್ಲ ಅನ್ನೋ ಹಾಗಿಲ್ಲ. 2019ರ ಹೊತ್ತಿಗೆ ಕಟ್ಟಡಗಳ ಪರಿಸರ ಅನುಮತಿಗೆ ಮಾದರಿ ಷರತ್ತುಗಳು ಬಂದಿದ್ದವು. ಅದರಲ್ಲಿ ಟ್ರಾಫಿಕ್ ಬಗ್ಗೆ ಇರೋದನ್ನ ನನ್ನ ಮಾತಲ್ಲಿ ಹೇಳ್ತೀನಿ: ಯೋಜನೆಯ ಸುತ್ತ 5 ಕಿಲೋಮೀಟರ್ ವ್ಯಾಪ್ತಿಯ ರಸ್ತೆಗಳ ಈಗಿನ ಲೆವೆಲ್ ಆಫ್ ಸರ್ವೀಸ್ ಉಳಿಯಬೇಕು, ಯೋಜನೆ ಆದ ಮೇಲೆ ಸುಧಾರಿಸಬೇಕು, ಆ ವ್ಯಾಪ್ತಿಯಲ್ಲಿ ಬರೋ ಇತರರ ಕಟ್ಟಡಗಳ ಒಟ್ಟು ಪರಿಣಾಮವನ್ನೂ ಲೆಕ್ಕಕ್ಕೆ ತಗೋಬೇಕು, ರಾಜ್ಯದ ನಗರಾಭಿವೃದ್ಧಿ ಇಲಾಖೆ, ಲೋಕೋಪಯೋಗಿ ಇಲಾಖೆ ಅಥವಾ ಸಂಬಂಧಪಟ್ಟ ಪ್ರಾಧಿಕಾರ ಆ ಯೋಜನೆಯನ್ನ ಪರಿಶೀಲಿಸಿ ಪ್ರಮಾಣೀಕರಿಸಬೇಕು. ಕಾಗದದ ಮೇಲೆ ಇದಕ್ಕಿಂತ ಚೆನ್ನಾಗಿ ಬರೆಯೋಕೆ ಆಗಲ್ಲ. ಒಟ್ಟು ಪರಿಣಾಮ ಅನ್ನೋ ಮಾತೂ ಇದೆ.

ಈಗ ಒಂದು ಮ್ಯಾಪ್ ತೆಗೆದು ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗಿನ 17 ಕಿಲೋಮೀಟರ್ ನೋಡಿ. ಅಲ್ಲಿನ ಪ್ರತಿ ಟೆಕ್ ಪಾರ್ಕಿನ ಮೇಲೆ 5 ಕಿಲೋಮೀಟರ್ ತ್ರಿಜ್ಯದ ವೃತ್ತ ಎಳೀರಿ. ಮೂರನೇ ವೃತ್ತಕ್ಕೇ ಬೆಳ್ಳಂದೂರು ಪೂರ್ತಿ ಮುಚ್ಚಿಹೋಗುತ್ತೆ. ಬಹುಪಾಲು ಪಾರ್ಕುಗಳು ಈ ಷರತ್ತಿಗೆ ಮೊದಲೇ ಕಟ್ಟಿದವು, ಅವಕ್ಕೆ ಇದನ್ನ ಹೇರೋಕೆ ಆಗಲ್ಲ, ಒಪ್ಪಿದೆ. ಆದರೆ ಆಮೇಲೆ ಬಂದವರಿಗೂ ಇದು ಹೇಗೆ ಸಾಧ್ಯ? ರಸ್ತೆ ಅವರದ್ದಲ್ಲ, ಬಸ್ಸು ಅವರದ್ದಲ್ಲ, ಸಿಗ್ನಲ್ ಅವರದ್ದಲ್ಲ. ಬಿಲ್ಡರ್‌ಗೆ ಆಗೋದು ಗೇಟನ್ನ ಸ್ವಲ್ಪ ಹಿಂದಕ್ಕೆ ಸರಿಸೋದು, ಸರ್ವಿಸ್ ರೋಡಿಗೆ ಜಾಗ ಬಿಡೋದು, ನೆಲಮಾಳಿಗೆಯಲ್ಲಿ ಇನ್ನೊಂದು ಮಹಡಿ ಪಾರ್ಕಿಂಗ್ ಕಟ್ಟೋದು. ಆ ಪಾರ್ಕಿಂಗ್ ಮತ್ತೆ ಕಾರನ್ನೇ ಕರೆಯುತ್ತೆ.

ಒಂದು ಸಲ ಸರಿಯಾದ ದಿಕ್ಕಿಗೆ ಕೈ ಹಾಕಿದ್ದೂ ಉಂಟು. 2019ರ ಕೊನೆಯಲ್ಲಿ ಇದೇ ದಾರಿಯಲ್ಲಿ ಬಿಎಂಟಿಸಿ ಬಸ್ಸಿಗೆ ಪ್ರತ್ಯೇಕ ಲೇನ್ ಮಾಡಿದರು, ನಿಂಬಸ್ ಅಂತ ಹೆಸರು. ನಾನು ಅದರಲ್ಲಿ ಕೆಲವು ತಿಂಗಳು ಓಡಾಡಿದ್ದೀನಿ. ಪಕ್ಕದಲ್ಲಿ ನಿಂತ ಕಾರುಗಳ ಸಾಲನ್ನ ಕಿಟಕಿಯಿಂದ ನೋಡ್ತಾ ಮುಂದೆ ಹೋಗೋ ಸುಖ ಅನುಭವಿಸಿದವರಿಗೇ ಗೊತ್ತು. ಕೊರೊನಾ ಬಂತು, ಆಮೇಲೆ ಮೆಟ್ರೊ ಕೆಲಸ ಬಂತು, ಲೇನ್ ಹೋಯ್ತು.

2022ರ ಆಗಸ್ಟ್ 30ರ ಮಳೆ ನಿಮಗೆ ನೆನಪಿದೆ. ಟ್ರ್ಯಾಕ್ಟರಿನಲ್ಲಿ ಐಟಿ ಜನ ಕೂತು ಹೋದ ಫೋಟೋಗಳು ಬಂದ ದಿನಗಳು ಅವು. ಔಟರ್ ರಿಂಗ್ ರೋಡ್ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆದು, ಆ ಒಂದು ದಿನ ಐದು ಗಂಟೆ ರಸ್ತೆಯಲ್ಲಿ ಸಿಕ್ಕಿಕೊಂಡದ್ದಕ್ಕೆ 225 ಕೋಟಿ ರೂಪಾಯಿ ನಷ್ಟ ಅಂತು. ಆ 17 ಕಿಲೋಮೀಟರಿನಲ್ಲಿ ಕೆಲಸ ಮಾಡೋರು ಐದು ಲಕ್ಷಕ್ಕೂ ಹೆಚ್ಚು ಅಂತಲೂ ಆ ಪತ್ರದಲ್ಲಿತ್ತು. ನನಗೆ 225 ಕೋಟಿಗಿಂತ ಈ ಐದು ಲಕ್ಷ ದೊಡ್ಡ ಸಂಖ್ಯೆ ಅನ್ನಿಸಿತು. ಒಂದೊಂದು ಕಟ್ಟಡದ ಕಡತದಲ್ಲಿ ಒಂದೊಂದು ಚೂರಾಗಿ ಬಿದ್ದಿದ್ದನ್ನ ಕೂಡಿಸಿ ಹೇಳಿದ್ದು ಯೋಜನಾ ಪ್ರಾಧಿಕಾರದ ಕಡತ ಅಲ್ಲ, ನಷ್ಟ ಆದ ಮೇಲೆ ಕಂಪನಿಗಳು ಬರೆದ ದೂರಿನ ಪತ್ರ.

ಹಾಗಾದ್ರೆ ಎಲ್ಲಾದರೂ ಗೇಟಿನಲ್ಲಿ ನಿಂತು ಎಣಿಸ್ತಾರಾ? ಎಣಿಸ್ತಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ 2000ನೇ ಇಸವಿಯಲ್ಲಿ ಸಾಂಟಾ ಕ್ಲಾರಾ ಕೌಂಟಿ ದೊಡ್ಡ ವಿಸ್ತರಣೆಗೆ ಅನುಮತಿ ಕೊಟ್ಟಾಗ ಹಾಕಿದ ಷರತ್ತು ಸರಳ: ಬೆಳಿಗ್ಗೆ ಸಂಜೆಯ ಪೀಕ್ ಅವರ್‌ನಲ್ಲಿ ಕೆಲಸಕ್ಕೆ ಬಂದುಹೋಗೋ ವಾಹನ ಮೊದಲಿಗಿಂತ ಹೆಚ್ಚಬಾರದು. ಎಷ್ಟಾದರೂ ಕಟ್ಟಿ, ಒಂದು ಕಾರೂ ಹೆಚ್ಚಬಾರದು. ಕ್ಯಾಂಪಸ್ ಸುತ್ತ ಗೆರೆ ಎಳೆದು ಪ್ರತಿ ವರ್ಷ ಎಣಿಕೆ. ಮಿತಿಯೊಳಗೆ ಇರೋಕೆ ವಿಶ್ವವಿದ್ಯಾಲಯ ಉಚಿತ ಬಸ್ ಓಡಿಸ್ತು, ಪಾರ್ಕಿಂಗ್‌ಗೆ ದುಡ್ಡು ತಗೊಂಡಿತು, ಕಾರು ತರದವರಿಗೆ ದುಡ್ಡು ಕೊಟ್ಟಿತು. ಪಕ್ಕದ ಮೌಂಟನ್ ವ್ಯೂ ನಗರ ಗೂಗಲ್ ಇರೋ ನಾರ್ತ್ ಬೇಶೋರ್ ಪ್ರದೇಶಕ್ಕೂ ಇಂಥದೇ ಮಿತಿ ಹಾಕಿತು: ಮೂರು ಪ್ರವೇಶದ್ವಾರಗಳಲ್ಲಿ ಎಣಿಕೆ, ಒಬ್ಬರೇ ಕೂತು ಬರೋ ಕಾರಿನ ಪಾಲು 45 ಪರ್ಸೆಂಟ್‌ಗೆ ಇಳಿಸೋ ಗುರಿ. ಅಲ್ಲಿ ಕಟ್ಟಡವನ್ನ ಒಂದೊಂದಾಗಿ ನೋಡಲಿಲ್ಲ, ಇಡೀ ಪ್ರದೇಶಕ್ಕೆ ಒಂದೇ ಲೆಕ್ಕ. ಬೆಂಗಳೂರಿನ ಕಂಪನಿಗಳಲ್ಲೇ ಕೆಲವು ತಮ್ಮ ಅಮೆರಿಕದ ಆಫೀಸಿನಲ್ಲಿ ಇಂಥ ನಿಯಮದಡಿ ಬದುಕ್ತಾ ಇವೆ, ಇಲ್ಲಿ ಯಾರೂ ಕೇಳಿಲ್ಲ.

ಕೊನೆಗೆ ಇತ್ತೀಚಿನ ಒಂದು ಪತ್ರವ್ಯವಹಾರ. 2025ರ ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಜೀಂ ಪ್ರೇಮ್‌ಜಿಯವರಿಗೆ ಪತ್ರ ಬರೆದರು. ಸರ್ಜಾಪುರ ರಸ್ತೆಯ ವಿಪ್ರೊ ಕ್ಯಾಂಪಸ್ ಒಳಗಿಂದ ಮಿತವಾಗಿ ವಾಹನ ಬಿಟ್ಟರೆ ಪಕ್ಕದ ಔಟರ್ ರಿಂಗ್ ರೋಡ್ ಭಾಗದಲ್ಲಿ ದಟ್ಟಣೆ ಸುಮಾರು 30 ಪರ್ಸೆಂಟ್ ಇಳಿಯಬಹುದು ಅನ್ನೋ ಅಂದಾಜು ಅದರಲ್ಲಿತ್ತು. ಪ್ರೇಮ್‌ಜಿಯವರು ಗೌರವದಿಂದಲೇ ಒಲ್ಲೆ ಅಂದರು: ಅದು ಷೇರುಪೇಟೆಯಲ್ಲಿರೋ ಕಂಪನಿಯ ಖಾಸಗಿ ಸ್ವತ್ತು, ವಿಶೇಷ ಆರ್ಥಿಕ ವಲಯ, ಸಾರ್ವಜನಿಕ ದಾರಿಯಾಗೋಕೆ ಬರಲ್ಲ. ಅದರ ಬದಲು ಜಾಗತಿಕ ಮಟ್ಟದ ತಜ್ಞರಿಂದ ಸಮಗ್ರ ವೈಜ್ಞಾನಿಕ ಅಧ್ಯಯನ ಮಾಡಿಸೋಣ, ಖರ್ಚಿನ ಗಣನೀಯ ಭಾಗ ನಾವು ಕೊಡ್ತೀವಿ ಅಂತ ಹೇಳಿದರು. ಟಿವಿಯಲ್ಲಿ ಎರಡು ದಿನ ಯಾರು ಸರಿ ಅನ್ನೋ ಜಗಳ ನಡೀತು. ನನಗೆ ಕಂಡದ್ದು ಬೇರೆ. ರಸ್ತೆಯಾಗಬೇಕಿದ್ದ ಜಾಗಗಳು ದೊಡ್ಡ ದೊಡ್ಡ ಕಾಂಪೌಂಡುಗಳಾಗಿ, ಎಲ್ಲರ ಗೇಟೂ ಒಂದೇ ಮುಖ್ಯ ರಸ್ತೆಗೆ ತೆರೆದು, ಎರಡು ದಶಕ ಕಳೆದ ಮೇಲೆ ಅಧ್ಯಯನದ ಮಾತು. 30 ಪರ್ಸೆಂಟ್ ಅನ್ನೋ ಅಂದಾಜು ನಿಜವೇ ಆಗಿದ್ದರೆ, ಆ ಕಡೆ ಕಾಂಪೌಂಡ್‌ಗಳಿಗೆ ನಕ್ಷೆ ಪಾಸ್ ಮಾಡೋ ಮೊದಲೇ ಯಾರಾದರೂ ಆ ಲೆಕ್ಕ ಹಾಕಬಹುದಿತ್ತು.

ಒಂದು ಕೆಲಸ ನೀವು ಮಾಡಬಹುದು. ಪರಿಸರ ಅನುಮತಿ ಪತ್ರಗಳು ಪರಿವೇಶ್ ಅನ್ನೋ ಸರ್ಕಾರಿ ತಾಣದಲ್ಲಿ ಸಿಗುತ್ತವೆ. ಅನುಮತಿ ಪಡೆದವರು ಷರತ್ತು ಪಾಲಿಸಿದ್ದರ ಬಗ್ಗೆ ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ವರದಿ ಕೊಡಬೇಕು. ನೀವು ಕೆಲಸ ಮಾಡೋ ಪಾರ್ಕಿನ ಅಥವಾ ವಾಸ ಇರೋ ಅಪಾರ್ಟ್‌ಮೆಂಟಿನ ಹೆಸರು ಹಾಕಿ ಹುಡುಕಿ. ಟ್ರಾಫಿಕ್ ಷರತ್ತು ಎಷ್ಟನೇ ನಂಬರಿನಲ್ಲಿದೆ, ಅದರ ಎದುರಿಗೆ ಏನು ಬರೆದಿದ್ದಾರೆ ನೋಡಿ. ಸಿಕ್ಕಿದ್ದನ್ನ ನನಗೆ ಕಳಿಸಿ, ಒಂದಿಪ್ಪತ್ತು ಕೂಡಿದರೆ ಮುಂದಿನ ಮಾತು ಅದರ ಮೇಲೇ ಮಾಡೋಣ. ಕೋರಾಡಿ ಸ್ಥಾವರದ ಕಾಗದಗಳನ್ನ ನಾನು ಹುಡುಕ್ತೀನಿ. ನವರಾತ್ರಿಗೆ ಇನ್ನೂ ಸಮಯ ಇದೆ, ಆ ಒಂಬತ್ತು ದಿನ ಗುಡಿಯ ದಾರಿಯಲ್ಲಿ ಒಂದು ಗಂಟೆ ನಿಂತು ಎಣಿಸೋದಕ್ಕೆ ಪಕ್ಕದ ಮನೆಯ ಹುಡುಗ ಆಗಲೇ ಒಪ್ಪಿದ್ದಾನೆ.